ತೆರೆಯದ ಲೆಕ್ಕದ ಪುಸ್ತಕ

ತಿಂಗಳ ಕೊನೆಯ ದಿನ, ಗುರುವಾರ. ಬೆಳಿಗ್ಗೆ ಹತ್ತೂಕಾಲು ಗಂಟೆ. ಮೊದಲನೆಯ ಕಾಫಿ ಮುಗಿದು ಎರಡನೆಯದು ಇನ್ನೂ ಬಾರದಿರುವ ಹೊತ್ತು.

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಸಣ್ಣ ಕಛೇರಿಯಲ್ಲಿ. ಊರಿನ ಹಲವು ಕಟ್ಟಡಗಳಿಗೆ ಕಾವಲುಗಾರರನ್ನೂ ಗುಡಿಸಿ ಸಾರಿಸುವವರನ್ನೂ ಒದಗಿಸುವುದು ನಮ್ಮ ಕಸುಬು. ಇಂಥ ದುಡಿಮೆಗಾರರು 112 ಮಂದಿ. ಅವರು ದುಡಿದ ಗಂಟೆಗಳು, ಪಡೆದ ಮುಂಗಡ, ಕೈಗೆ ಸೇರಬೇಕಾದ ಸಂಬಳ ಎಲ್ಲವೂ ಒಂದೇ ಎಕ್ಸೆಲ್ ಪುಸ್ತಕದಲ್ಲಿ ಅಡಕವಾಗಿವೆ. ಆ ಪುಸ್ತಕವಿರುವುದು ಕಛೇರಿಯ ಸರ್ವರಿನಲ್ಲಿ; ಆರು ಮಂದಿ ತಮ್ಮ ತಮ್ಮ ಮೇಜಿನಿಂದಲೇ ಅದನ್ನು ತೆರೆದು ಬರೆಯುತ್ತಾರೆ.

ಅಂದು ಅದು ತೆರೆಯಲಿಲ್ಲ.

ನಮ್ಮ ಕಿರಿಯ ಗುಮಾಸ್ತೆ ಒಮ್ಮೆ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಫೈಲಿನ ರೂಪವೋ ಹೆಸರಿನ ಕೊನೆಯ ಗುರುತೋ ಸರಿಯಿಲ್ಲ, ಫೈಲು ಕೆಟ್ಟಿಲ್ಲವೆಂಬುದನ್ನು ನೋಡಿಕೊಳ್ಳಿ ಎಂಬ ಅರ್ಥದ ಒಕ್ಕಣೆ ಪರದೆಯ ಮೇಲೆ ಮೂಡಿತು. ಕ್ಷಣಮಾತ್ರದಲ್ಲಿ ಅವಳ ಕುರ್ಚಿಯ ಸುತ್ತ ಐದಾರು ತಲೆಗಳು ಸೇರಿದವು. ನೆಗಡಿಗೆ ಮದ್ದು ಹೇಳಲಾರದವರು ಲೋಕದಲ್ಲಿ ಇದ್ದಾರೆಯೇ? ಕಂಪ್ಯೂಟರನ್ನು ಆರಿಸಿ ಹಚ್ಚಿರಿ ಎಂದರು ಒಬ್ಬರು. ಹೆಸರು ಬದಲಾಯಿಸಿ ನೋಡಿರಿ ಎಂದರು ಇನ್ನೊಬ್ಬರು. ಕಳೆದ ತಿಂಗಳ ಫೈಲನ್ನೇ ಇದರ ಮೇಲೆ ಹಾಕಿಬಿಡಿ, ತೆರೆದೀತು ಎಂದು ಮೂರನೆಯವರು ಮೌಸಿಗೆ ಕೈಹಾಕಿಯೇ ಬಿಟ್ಟರು.

ಅಷ್ಟರಲ್ಲಿ ನಮ್ಮ ಕಛೇರಿಯನ್ನೇ ಗುಡಿಸುವ ಹೆಂಗಸು ಬಾಗಿಲ ಬಳಿ ನಿಂತು ಕೇಳಿದಳು: "ಸಾರ್, ಸಂಬಳ ಇವತ್ತೇ ಆಗುತ್ತಲ್ವಾ? ನಾಳೆ ಮಗಳ ಕಾಲೇಜಿಗೆ ದುಡ್ಡು ಕಟ್ಟಬೇಕು. ಕೊನೇ ದಿನ."

ಯಾರೂ ಉತ್ತರ ಕೊಡಲಿಲ್ಲ. ಆಗ ನಮ್ಮ ಹಿರಿಯ ಲೆಕ್ಕಿಗರು ಕನ್ನಡಕ ಸರಿಪಡಿಸಿಕೊಳ್ಳುತ್ತ ಎದ್ದು ಬಂದರು. ಕಿರ್ದಿ, ಖಾತೆವಹಿಗಳ ಕಾಲದಲ್ಲಿ ಕೆಲಸಕ್ಕೆ ಸೇರಿದವರು ಅವರು.

"ಯಾರೂ ಅದನ್ನು ಮುಟ್ಟಬೇಡಿ. ಮೊದಲು ಅದಕ್ಕೊಂದು ನಕಲು ತೆಗೆದಿಡಮ್ಮ. ಏನು ಪ್ರಯೋಗ ಮಾಡುವುದಿದ್ದರೂ ನಕಲಿನ ಮೇಲೆ ಮಾಡೋಣ. ಮೂಲ ಹೇಗಿದೆಯೋ ಹಾಗೆಯೇ ಇರಲಿ."

ಆ ದಿನ ನಮ್ಮನ್ನು ಉಳಿಸಿದ್ದು ಈ ಮಾತು. ಕೆಟ್ಟ ಫೈಲಿನಲ್ಲಿಯೂ ಬಹುಮಟ್ಟಿಗೆ ಲೆಕ್ಕ ಉಳಿದೇ ಇರುತ್ತದೆ. ಅದನ್ನು ನಿಜವಾಗಿ ನಾಶಮಾಡುವುದು ಕೆಟ್ಟ ಮೇಲೆ ನಾವು ಮಾಡುವ ಅವಸರದ ಚಿಕಿತ್ಸೆ.

ಕಪ್ಪುಹಲಗೆಯಿಂದ ಹುಟ್ಟಿದ ಹಾಳೆ

ಈ ಅಂಕಣ-ಸಾಲುಗಳ ಹಾಳೆ ನಮ್ಮ ಬದುಕಿನೊಳಕ್ಕೆ ಬಂದ ಬಗೆಯನ್ನು ಇಲ್ಲಿ ಸ್ವಲ್ಪ ನೆನೆಯುವುದು ಉಚಿತ. ಸ್ಪ್ರೆಡ್‌ಶೀಟ್ ಎಂಬ ಹೆಸರು ಕಂಪ್ಯೂಟರಿಗಿಂತ ಹಳೆಯದು. ಎರಡು ಪುಟಗಳ ಅಗಲಕ್ಕೆ ಹರಡಿಕೊಂಡ ಲೆಕ್ಕದ ಕಾಗದಕ್ಕೆ ಆ ಹೆಸರಿತ್ತು. ಅಂಥ ಕಾಗದದಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಎಲ್ಲ ಮೊತ್ತಗಳನ್ನೂ ಒರಸಿ ಮತ್ತೆ ಬರೆಯಬೇಕು.

1978ರಲ್ಲಿ ಅಮೆರಿಕದ ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ, ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಇದೇ ಶ್ರಮವನ್ನು ಪಡುವುದನ್ನು ನೋಡಿದ. ಒಂದು ಅಂಕಿ ಬದಲಾದೊಡನೆ ಉಳಿದುವೆಲ್ಲ ತಾವಾಗಿಯೇ ಬದಲಾಗುವ ಹಲಗೆಯೊಂದಿದ್ದರೆ ಎಂದು ಅವನಿಗೆ ಅನಿಸಿತು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿದ. 1979ರಲ್ಲಿ ಆಪಲ್ 2 ಎಂಬ ಯಂತ್ರಕ್ಕಾಗಿ ಅವರ 'ವಿಸಿಕ್ಯಾಲ್ಕ್' ಹೊರಬಂದಿತು. 1983ರಲ್ಲಿ 'ಲೋಟಸ್ 1-2-3' ಬಂದಿತು. 1985ರಲ್ಲಿ ಮ್ಯಾಕಿಂಟಾಷ್ ಯಂತ್ರಕ್ಕೆ 'ಎಕ್ಸೆಲ್' ಬಂದಿತು. ಒಬ್ಬರೇ ಕುಳಿತು ಲೆಕ್ಕ ಹಾಕಲೆಂದು ಹುಟ್ಟಿದ ಈ ಹಾಳೆ ಕಾಲಕ್ರಮದಲ್ಲಿ ಇಡೀ ಕಛೇರಿಯ ಸೊತ್ತಾಯಿತು. ಹತ್ತು ಕೈಗಳು ಸೇರುವಲ್ಲಿ ತೊಡಕೂ ಸೇರುವುದು ಸಹಜವಷ್ಟೆ.

ಬೀಗವೋ, ಬಾಗಿಲೋ, ಪುಸ್ತಕವೋ?

ಫೈಲು ತೆರೆಯುವುದಿಲ್ಲ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಬೀರುವಿನಲ್ಲಿಟ್ಟ ಪುಸ್ತಕ ಕೈಗೆ ಸಿಗದಿದ್ದರೆ ಬೀಗ ಹಾಕಿರಬಹುದು, ಬಾಗಿಲು ಬಿಗಿದುಕೊಂಡಿರಬಹುದು, ಇಲ್ಲವೇ ಪುಸ್ತಕಕ್ಕೇ ಗೆದ್ದಲು ಹಿಡಿದಿರಬಹುದು. ಮೂರಕ್ಕೂ ಮದ್ದು ಬೇರೆ. ಆದ್ದರಿಂದ ಮೊದಲು ಪರದೆಯ ಮೇಲಿನ ಒಕ್ಕಣೆಯನ್ನು ನಿಧಾನವಾಗಿ ಓದಬೇಕು. ಸಾಧ್ಯವಾದರೆ ಫೋನಿನಲ್ಲಿ ಅದರ ಚಿತ್ರ ತೆಗೆದಿಡಬೇಕು. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದುವ ಮೊದಲೇ 'ಓಕೆ' ಒತ್ತಿಬಿಡುತ್ತೇವೆ.

ಬೀಗದ ದೋಷ ಎಲ್ಲಕ್ಕಿಂತ ಸಾಮಾನ್ಯ, ಅಷ್ಟೇ ನಿರಪಾಯಕರ. ಒಬ್ಬರು ಸರ್ವರಿನ ಪುಸ್ತಕವನ್ನು ತೆರೆದ ಕೂಡಲೇ ಎಕ್ಸೆಲ್ ಅದರ ಪಕ್ಕದಲ್ಲಿಯೇ ಇನ್ನೊಂದು ಪುಟ್ಟ ಫೈಲನ್ನು ಗುಪ್ತವಾಗಿ ಇಡುತ್ತದೆ. ಅದರ ಹೆಸರು ಅಲೆಯಾಕಾರದ ಒಂದು ಗೀಟು ಮತ್ತು ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ. ತೆರೆದವರ ಹೆಸರು ಅದರೊಳಗಿರುತ್ತದೆ. ಎರಡನೆಯವರು ಬಂದಾಗ, ಇಂಥವರು ಬರೆಯುತ್ತಿದ್ದಾರೆ, ನೀವು ಓದಬಹುದು ಅಷ್ಟೆ ಎಂಬ ಸೂಚನೆ ಬರುವುದು ಇದರಿಂದಲೇ. ಮೊದಲಿನವರು ಪುಸ್ತಕ ಮುಚ್ಚಿದರೆ ಆ ಚೀಟಿ ತಾನಾಗಿ ಅಳಿಯುತ್ತದೆ. ಆದರೆ ನಡುವೆ ವಿದ್ಯುತ್ತು ಹೋದರೆ, ಯಂತ್ರ ಸ್ಥಗಿತವಾದರೆ, ಚೀಟಿ ಅಲ್ಲಿಯೇ ಉಳಿದುಬಿಡುತ್ತದೆ. ಮನೆಗೆ ಹೋಗಿ ನಿದ್ರಿಸುತ್ತಿರುವವರ ಹೆಸರಿನಲ್ಲಿ ಬೀಗ ಬಿದ್ದಿರುತ್ತದೆ!

ಇದಕ್ಕೆ ಮದ್ದು ಸುಲಭ. ಹೆಸರಿರುವವರನ್ನು ಫೋನಿನಲ್ಲಿ ಕೇಳಬೇಕು. ಅವರೂ ಬೇರೆ ಯಾರೂ ಪುಸ್ತಕವನ್ನು ತೆರೆದಿಲ್ಲವೆಂಬುದು ಖಚಿತವಾದ ಮೇಲೆ ಆ ಗುಪ್ತ ಚೀಟಿಯನ್ನು ಅಳಿಸಿದರಾಯಿತು. ಕೇಳದೆ ಅಳಿಸಿದರೆ ಇಬ್ಬರು ಒಂದೇ ಪುಸ್ತಕದಲ್ಲಿ ಪರಸ್ಪರ ಅರಿಯದೆ ಬರೆದು, ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಅಳಿಸಿಹಾಕುವ ಅಪಾಯವುಂಟು.

ಬಾಗಿಲಿನ ದೋಷವನ್ನು ಪತ್ತೆಹಚ್ಚಲು ಎರಡು ಪ್ರಶ್ನೆಗಳು ಸಾಕು. ಇದೇ ಕಂಪ್ಯೂಟರಿನಲ್ಲಿ ಬೇರೆ ಪುಸ್ತಕ ತೆರೆಯುವುದೇ? ಇದೇ ಪುಸ್ತಕ ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದೇ? ಬೇರೆಡೆ ತೆರೆದರೆ ಪುಸ್ತಕ ಕ್ಷೇಮವೆಂದು ನಿಟ್ಟುಸಿರು ಬಿಡಬಹುದು. ಆಗ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಎಕ್ಸೆಲನ್ನು ತೆರೆದರೆ, ಅದಕ್ಕೆ ಅಂಟಿಸಿದ ಹೆಚ್ಚುವರಿ ಉಪಕರಣಗಳನ್ನೆಲ್ಲ ಬದಿಗಿಟ್ಟು 'ಸೇಫ್ ಮೋಡ್'ನಲ್ಲಿ ಅದು ಎದ್ದೇಳುತ್ತದೆ. ತಪ್ಪು ಅವುಗಳದಾಗಿದ್ದರೆ ಆಗ ತಿಳಿಯುತ್ತದೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು ಎಂದು ಪೇರಿಸುತ್ತ ಹೋಗಿ ಫೈಲಿನ ಪೂರ್ಣ ವಿಳಾಸ 218 ಅಕ್ಷರಗಳನ್ನು ಮೀರಿದರೂ ಎಕ್ಸೆಲ್ ತೆರೆಯಲು ಒಪ್ಪುವುದಿಲ್ಲ. ನಮ್ಮ ಕಛೇರಿಗಳಲ್ಲಿ ಹೆಸರಿಡುವ ಉತ್ಸಾಹವನ್ನು ಕಂಡವರಿಗೆ ಇದು ಅಸಂಭವವೆಂದು ತೋರದು.

ಗುಪ್ತಪದದ ವಿಷಯ ಬೇರೆ. ತೆರೆಯುವುದಕ್ಕೇ ಗುಪ್ತಪದವನ್ನಿಟ್ಟು, ಅದನ್ನು ಬಲ್ಲವರು ಕೆಲಸ ಬಿಟ್ಟುಹೋಗಿದ್ದರೆ, ಎಕ್ಸೆಲ್ ತಯಾರಿಸಿದ ಸಂಸ್ಥೆಯೂ ಅದನ್ನು ಹುಡುಕಿಕೊಡಲಾರದು.

ನಮ್ಮ ಪುಸ್ತಕದ ಪಕ್ಕದಲ್ಲಿ ಚೀಟಿಯಿರಲಿಲ್ಲ. ಬೇರೆ ಪುಸ್ತಕಗಳು ತೆರೆಯುತ್ತಿದ್ದವು. ಇದೊಂದು ಮಾತ್ರ ಆರು ಕಂಪ್ಯೂಟರುಗಳಲ್ಲಿಯೂ ತೆರೆಯಲಿಲ್ಲ. ಉಳಿದುದು ಮೂರನೆಯ ಸಾಧ್ಯತೆ. ಕೆಟ್ಟಿದ್ದು ಪುಸ್ತಕವೇ.

ಹೆಸರಿಲ್ಲದ ಅಂಕಿಗಳು

ಕಂಪ್ಯೂಟರುಗಳ ಉಸ್ತುವಾರಿ ನೋಡುವ ತರುಣನಿಗೆ ಹೇಳಿಕಳುಹಿಸಿದೆವು. ಅವನು ಮೊದಲು ನೋಡಿದ್ದು ಫೈಲಿನ ಗಾತ್ರವನ್ನು. ಭಾನುವಾರದ ಪ್ರತಿಗೆ ಹೋಲಿಸಿದರೆ ಅದು ಗಣನೀಯವಾಗಿ ಕಡಿಮೆಯಿತ್ತು. ಹಿಂದಿನ ಸಂಜೆ ಗುಡುಗು-ಮಳೆ, ವಿದ್ಯುತ್ತು ಹೋಗಿತ್ತು, ಸರ್ವರಿಗೆ ಆಸರೆಯಾಗಿದ್ದ ಯುಪಿಎಸ್‌ನ ಬ್ಯಾಟರಿ ಮುದಿಯಾಗಿತ್ತು. ಯಾರೋ ಪುಸ್ತಕವನ್ನು ಉಳಿಸಲು ಒತ್ತಿದ ಗಳಿಗೆಯೂ ದೀಪ ಹೋದ ಗಳಿಗೆಯೂ ಒಂದೇ ಆಗಿದ್ದಿರಬೇಕು. ಬರವಣಿಗೆ ಡಿಸ್ಕಿಗೆ ಪೂರ್ತಿಯಾಗಿ ಇಳಿಯುವ ಮುನ್ನವೇ ತುಂಡಾಗಿತ್ತು.

ತುಂಡಾದರೆ ಮೇಲಿನ ಭಾಗವಾದರೂ ತೆರೆಯಬೇಡವೇ ಎಂದು ನಾನು ಕೇಳಿದೆ. ತರುಣನ ವಿವರಣೆ ಬಹಳ ಸ್ವಾರಸ್ಯಕರವಾಗಿತ್ತು. 2007ರ ಎಕ್ಸೆಲ್ ಲಾಗಾಯ್ತು ನಾವು ಬಳಸುವ ಫೈಲು ನಿಜವಾಗಿ ಒಂದು ಫೈಲಲ್ಲ. ಹಲವು ಸಣ್ಣ ಫೈಲುಗಳನ್ನು ಒತ್ತಿ ಕಟ್ಟಿದ ಒಂದು ಗಂಟು. ಫಿಲ್ ಕಾಟ್ಜ್ ಎಂಬಾತ 1989ರಲ್ಲಿ ಬಳಕೆಗೆ ತಂದ 'ಜಿಪ್' ಎಂಬ ವಿಧಾನವೇ ಈ ಗಂಟಿಗೂ ಆಧಾರ. ಇಂದಿಗೂ ಸಾಮಾನ್ಯವಾಗಿ ಹೊಸ ಎಕ್ಸೆಲ್ ಫೈಲಿನ ಕಚ್ಚಾ ರೂಪವನ್ನು ನೋಡಿದರೆ ಮೊದಲ ಎರಡು ಅಕ್ಷರಗಳು ಪಿ ಮತ್ತು ಕೆ, ಅವನ ಹೆಸರಿನ ಮೊದಲಕ್ಷರಗಳು. ಆ ಗಂಟಿನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ಪಟ್ಟಿ ಇರುವುದು ಮೊದಲಲ್ಲಿ ಅಲ್ಲ, ಕೊನೆಯಲ್ಲಿ. ಬಾಲ ತುಂಡಾದರೆ ಪಟ್ಟಿಯೇ ಹೋಯಿತು. ಪಟ್ಟಿಯಿಲ್ಲದ ಗಂಟನ್ನು ಎಕ್ಸೆಲ್ ಪುಸ್ತಕವೆಂದು ಒಪ್ಪುವುದಿಲ್ಲ.

ಎಕ್ಸೆಲಿನಲ್ಲಿಯೇ ಒಂದು ದುರಸ್ತಿಯ ಏರ್ಪಾಡು ಉಂಟು. ಫೈಲನ್ನು ಆರಿಸುವ ಕಿಟಕಿಯಲ್ಲಿ 'ಓಪನ್' ಗುಂಡಿಯ ಪಕ್ಕದ ಸಣ್ಣ ಬಾಣವನ್ನು ಒತ್ತಿದರೆ 'ಓಪನ್ ಅಂಡ್ ರಿಪೇರ್' ಎಂಬುದು ಕಾಣುತ್ತದೆ. ಸಣ್ಣಪುಟ್ಟ ಊನಗಳಿದ್ದರೆ ಬಹಳ ಸಲ ಇದೇ ಸಾಕಾಗುತ್ತದೆ. ಎಕ್ಸೆಲ್ ನಿರಾಕರಿಸಿದ್ದನ್ನು ಉಚಿತವಾಗಿ ದೊರೆಯುವ 'ಲಿಬ್ರೆ ಆಫೀಸ್' ಕೆಲವೊಮ್ಮೆ ತೆರೆದುಕೊಡುವುದೂ ಉಂಟು. ನಮ್ಮ ನಕಲಿನ ಮೇಲೆ ಎರಡನ್ನೂ ಪ್ರಯೋಗಿಸಿದೆವು, ಫಲ ಸಿಗಲಿಲ್ಲ.

ತರುಣ ಇನ್ನೊಂದು ನಕಲು ಮಾಡಿಕೊಂಡ. ಮುರಿದ ಗಂಟಿನಿಂದ ಉಳಿದುದನ್ನು ಎತ್ತುವ ಉಪಕರಣಗಳಿವೆ. ಪಟ್ಟಿ ಹೋದರೂ ಗಂಟಿನೊಳಗಿನ ಪ್ರತಿಯೊಂದು ತುಣುಕಿನ ತಲೆಯ ಮೇಲೂ ಅದರ ಹೆಸರಿರುವುದರಿಂದ, ಮೊದಲಿನಿಂದ ಹುಡುಕುತ್ತ ಬಂದರೆ ತುಂಡಾದ ಜಾಗದವರೆಗಿನವು ಸಿಕ್ಕುತ್ತವೆ. ಹಾಗೆಯೇ ಸಿಕ್ಕಿದವು. ಸಂಬಳದ ಹಾಳೆ ಇಡಿಯಾಗಿ ಮೇಲೆದ್ದು ಬಂದಿತು. ನಾವು ಇನ್ನೇನು ಚಪ್ಪಾಳೆ ತಟ್ಟಬೇಕು. ನೋಡುತ್ತೇವೆ, ಅದರಲ್ಲಿ ಒಂದೂ ಹೆಸರಿಲ್ಲ!

ಎಕ್ಸೆಲ್ ಪದಗಳನ್ನು ಚೌಕಗಳೊಳಗೆ ಬರೆದಿಡುವುದಿಲ್ಲವಂತೆ. ಪುಸ್ತಕದಲ್ಲಿರುವ ಎಲ್ಲ ಪದಗಳನ್ನೂ ಬೇರೊಂದು ಪಟ್ಟಿಯಲ್ಲಿ ಒಂದೊಂದು ಸಲ ಬರೆದು, ಚೌಕದಲ್ಲಿ ಆ ಪಟ್ಟಿಯ ಕ್ರಮಸಂಖ್ಯೆಯನ್ನು ಮಾತ್ರ ಇಡುತ್ತದೆ. ಆ ಪದಗಳ ಪಟ್ಟಿಗೆ ಗಂಟಿನಲ್ಲಿ ಹಾಳೆಗಳ ಅನಂತರದ ಸ್ಥಾನ. ನಮ್ಮ ಫೈಲು ತುಂಡಾದದ್ದು ಸರಿಯಾಗಿ ಅವೆರಡರ ನಡುವೆ. ಗಂಟೆಗಳಿದ್ದವು, ದರಗಳಿದ್ದವು, ರೂಪಾಯಿಗಳಿದ್ದವು. ದುಡಿದವರು ಯಾರು ಎಂಬುದು ಮಾತ್ರ ಇರಲಿಲ್ಲ. ತಮ್ಮ ಹೆಸರುಗಳನ್ನು ಕಳೆದುಕೊಂಡ 112 ಸಾಲುಗಳು ಪರದೆಯ ಮೇಲೆ ನಿಂತಿದ್ದವು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದವಳ ಸಾಲು ಅವುಗಳಲ್ಲಿ ಯಾವುದು? ನನಗೆ ಮನಸ್ಸಿನಲ್ಲಿ ಕಸಿವಿಸಿಯಾಯಿತು.

ಹಿರಿಯರು ಮಾತ್ರ ವಿಚಲಿತರಾಗಲಿಲ್ಲ. "ಮೊದಲನೆಯ ಅಂಕಣ ತೋರಿಸಪ್ಪ" ಎಂದರು. ಅದರಲ್ಲಿ ಪ್ರತಿಯೊಬ್ಬ ನೌಕರನ ಸಂಖ್ಯೆಯಿತ್ತು. ಸಂಖ್ಯೆಯಾದ್ದರಿಂದ ಅದು ಚೌಕದಲ್ಲಿಯೇ ಉಳಿದಿತ್ತು! ವರ್ಷಗಳ ಹಿಂದೆ, ಒಂದೇ ಹೆಸರಿನ ಮೂವರಿದ್ದಾರೆಂಬ ಕಾರಣಕ್ಕೆ ಹಟಹಿಡಿದು ಆ ಅಂಕಣವನ್ನು ಸೇರಿಸಿದವರು ಅವರೇ. ಆಗ ನಾವೆಲ್ಲ ಇದು ಹಳೆಯ ಕಾಲದವರ ಗೀಳೆಂದು ನಕ್ಕಿದ್ದೆವು.

ನಮ್ಮ ಸರ್ವರು ವಾರಕ್ಕೊಮ್ಮೆ, ಭಾನುವಾರ ರಾತ್ರಿ, ತನ್ನೊಳಗಿರುವುದರ ಬ್ಯಾಕಪ್ ಪ್ರತಿಯೊಂದನ್ನು ತೆಗೆದಿಡುತ್ತಿತ್ತು. ಆ ಪ್ರತಿ ಚೆನ್ನಾಗಿಯೇ ತೆರೆಯಿತು. ಆದರೆ ಸೋಮವಾರದಿಂದ ಬುಧವಾರದವರೆಗಿನ ದುಡಿಮೆ ಅದರಲ್ಲಿಲ್ಲ. ಅದರಿಂದ ಹೆಸರುಗಳನ್ನೂ, ಮುರಿದ ಗಂಟಿನಿಂದ ಮೂರು ದಿನಗಳ ಗಂಟೆಗಳನ್ನೂ ತೆಗೆದು, ನೌಕರರ ಸಂಖ್ಯೆಯ ಆಧಾರದಿಂದ ಜೋಡಿಸಿದೆವು. ಮಧ್ಯಾಹ್ನ ಎರಡೂವರೆಗೆ ಪುಸ್ತಕ ಮತ್ತೆ ಪುಸ್ತಕವಾಯಿತು.

ತೆರೆದ ಮಾತ್ರಕ್ಕೆ ನಿಜವೇ?

ಇನ್ನೇನು ಬ್ಯಾಂಕಿಗೆ ಪಟ್ಟಿ ಕಳುಹಿಸಬಹುದೆಂದು ನಾವು ಎದ್ದೆವು. ಹಿರಿಯರು ಮತ್ತೆ ತಡೆದರು. "ತೆರೆಯದ ಪುಸ್ತಕಕ್ಕೆ ನಾನು ಹೆದರುವುದಿಲ್ಲ. ಅದು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತದೆ. ತೆರೆದುಕೊಂಡು ಸುಳ್ಳು ಹೇಳುವ ಪುಸ್ತಕವೇ ಅಪಾಯ" ಎಂದರು.

ಇದು ಬರಿಯ ಮುದುಕರ ಶಂಕೆಯಲ್ಲ. 2020ರಲ್ಲಿ ಕೋವಿಡ್ ಹಾವಳಿಯ ನಡುವೆ ಇಂಗ್ಲೆಂಡಿನಲ್ಲಿ ನಡೆದುದನ್ನು ನೋಡಿರಿ. ಎಕ್ಸೆಲಿನ ಹಳೆಯ ರೂಪದ ಹಾಳೆಯಲ್ಲಿ 65,536 ಸಾಲುಗಳಿಗೆ ಮಾತ್ರ ಜಾಗ. ಈಗಿನ ರೂಪದಲ್ಲಿ 10,48,576 ಸಾಲುಗಳಿಗೆ. ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ರೂಪದ ಫೈಲುಗಳಿಗೆ ತುಂಬುತ್ತಿದ್ದಾಗ ಜಾಗ ಮುಗಿದು ಹೆಚ್ಚಿನವು ಸದ್ದಿಲ್ಲದೆ ಹೊರಗುಳಿದವೆಂದು ಆಗ ವರದಿಯಾಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದೈನಂದಿನ ಲೆಕ್ಕದಲ್ಲಿ ಸೇರಿರಲಿಲ್ಲ. ರೋಗಿಗಳಿಗೆ ತಮ್ಮ ಫಲಿತಾಂಶ ತಿಳಿದಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಅಲ್ಲಿ ಫೈಲು ತೆರೆಯಲಿಲ್ಲವೆಂದು ಯಾರೂ ದೂರಲಿಲ್ಲ. ತೆರೆದುಕೊಂಡದ್ದೇ ಅನಾಹುತವಾಯಿತು.

ದುರಸ್ತಿಯಾದ ಫೈಲಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ದುರಸ್ತಿ ಮಾಡುವ ಯಂತ್ರ ತನಗೆ ಅರ್ಥವಾಗದುದನ್ನು ಕಿತ್ತೆಸೆದು ಉಳಿದುದನ್ನು ಮುಂದಿಡುತ್ತದೆ. ಏನನ್ನು ಕಿತ್ತಿದೆ ಎಂಬುದನ್ನು ನಾವು ಹುಡುಕಬೇಕು.

ಕಟ್ಟಡಗಳ ಮೇಲ್ವಿಚಾರಕರಿಗೆಲ್ಲ ಫೋನು ಮಾಡಿದೆವು. ಕಾಗದದ ಹಾಜರಿ ಪುಸ್ತಕದ ಪುಟಗಳ ಚಿತ್ರಗಳು ಒಂದೊಂದಾಗಿ ವಾಟ್ಸಾಪಿನಲ್ಲಿ ಬಂದವು. ಒಬ್ಬರು ಓದುವುದು, ಇನ್ನೊಬ್ಬರು ಗುರುತು ಹಾಕುವುದು. ಹಳೆಯ ಕಾಲದ ಲೆಕ್ಕದ ಕಛೇರಿಯೇ ಮರಳಿ ಬಂದಂತಿತ್ತು. ಗಂಟೆಗಳೆಲ್ಲ ಸರಿಹೋದವು. ಆದರೆ ಮುಂಗಡದ ಚೀಟಿಗಳನ್ನು ತಾಳೆ ನೋಡುವಾಗ ಒಬ್ಬ ಕಾವಲುಗಾರನ ಹೆಸರಿನಲ್ಲಿ 3,000 ರೂಪಾಯಿ ಎರಡು ಸಲ ಕಡಿತವಾಗಿದ್ದುದು ಕಂಡಿತು. ಭಾನುವಾರದ ಪ್ರತಿಯಲ್ಲಿದ್ದ ಮುಂಗಡವೇ ಉಳಿಸಿ ತೆಗೆದ ಹಾಳೆಯಲ್ಲಿಯೂ ಇತ್ತು. ಜೋಡಿಸುವಾಗ ನಾವು ಎರಡನ್ನೂ ಸೇರಿಸಿಬಿಟ್ಟಿದ್ದೆವು. ಯಂತ್ರದ ತಪ್ಪಲ್ಲ, ನಮ್ಮದೇ. ಹಾಗೆಯೇ ಕಳುಹಿಸಿದ್ದರೆ ಆ ಮನುಷ್ಯ ತನ್ನದಲ್ಲದ ತಪ್ಪಿಗೆ ತಿಂಗಳಿಡೀ ಕಷ್ಟಪಡಬೇಕಿತ್ತು.

ಎಲ್ಲರದೂ ಎಂದರೆ ಯಾರದೂ ಅಲ್ಲ

ಸಂಜೆ ಐದಕ್ಕೆ ಪಟ್ಟಿ ಬ್ಯಾಂಕಿಗೆ ಹೋಯಿತು. ಅನಂತರ ಕಾಫಿ ಕುಡಿಯುತ್ತ, ಇದಕ್ಕೆಲ್ಲ ಹೊಣೆ ಯಾರು ಎಂಬ ಚರ್ಚೆ ಎದ್ದಿತು. ಯುಪಿಎಸ್ ಬ್ಯಾಟರಿ ಹಳೆಯದೆಂದು ನಾಲ್ವರಿಗೆ ಗೊತ್ತಿತ್ತು, ಯಾರೂ ಹೇಳಿರಲಿಲ್ಲ. ಪ್ರತಿ ವಾರಕ್ಕೊಮ್ಮೆ ಮಾತ್ರ ಬ್ಯಾಕಪ್ ಎಂಬುದು ಇಬ್ಬರಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಆರು ಮಂದಿ ಬರೆಯುವ ಪುಸ್ತಕವನ್ನು ಕಾಯುವವರು ಮಾತ್ರ ಒಬ್ಬರೂ ಇರಲಿಲ್ಲ.

ಅಂದೇ ಕೆಲವು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆವು. ಪುಸ್ತಕಕ್ಕೆ ಒಬ್ಬರೇ ಪಾಲಕರು. ಅವರು ರಜೆಯಲ್ಲಿದ್ದಾಗ ಯಾರು ಎಂಬುದೂ ಮೊದಲೇ ನಿಶ್ಚಿತವಾಗಿರಬೇಕು. ಪ್ರತಿದಿನ ಸಂಜೆ ಅಂದಿನ ತಾರೀಖಿನ ಹೆಸರಿನಲ್ಲಿ ಒಂದು ಪ್ರತಿ. ಅದು ಅದೇ ಸರ್ವರಿನಲ್ಲಿರಕೂಡದು. ತಿಂಗಳಿಗೊಮ್ಮೆ ಆ ಪ್ರತಿಗಳಲ್ಲಿ ಒಂದನ್ನು ನಿಜವಾಗಿ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪು ಬರಿಯ ನಂಬಿಕೆ. ಹಳೆಯ ತಿಂಗಳುಗಳನ್ನು ಬೇರೆ ಪುಸ್ತಕಕ್ಕೆ ಸಾಗಿಸಬೇಕು. ಫೈಲು ತೆರೆಯದಿದ್ದರೆ ಮೊದಲು ನಕಲು, ಅನಂತರ ಉಳಿದ ಮಾತು.

ಅಂತರ್ಜಾಲದಲ್ಲಿಟ್ಟು ಬಳಸುವ ಹಾಳೆಗಳಿಗೆ ಈ ಭಯವಿಲ್ಲವೇ ಎಂದು ಓದುಗರು ಕೇಳಬಹುದು. ಗೂಗಲ್ ಶೀಟ್ಸ್‌ನಲ್ಲಾಗಲಿ ಒನ್‌ಡ್ರೈವ್‌ನಲ್ಲಾಗಲಿ ಹಿಂದಿನ ರೂಪಗಳನ್ನು ಮರಳಿ ಪಡೆಯುವ 'ವರ್ಷನ್ ಹಿಸ್ಟರಿ' ಎಂಬ ಅನುಕೂಲವಿದೆ. ಹಲವರು ಒಟ್ಟಿಗೆ ಬರೆಯಲೂ ಬಹುದು. ಆದರೆ ಆ ಖಾತೆ ಯಾರ ಹೆಸರಿನಲ್ಲಿದೆ, ಅವರು ಹೋದ ಮೇಲೆ ಅದರ ಗತಿಯೇನು ಎಂಬ ಪ್ರಶ್ನೆ ಅಲ್ಲಿಯೂ ತಪ್ಪುವುದಿಲ್ಲ. ಪಾಲಕರಿಲ್ಲದ ಪುಸ್ತಕ ಎಲ್ಲಿಟ್ಟರೂ ಅನಾಥವೇ.

ಇಂದು ಇಂಥ ಹಾಳೆ ಕಛೇರಿಯಲ್ಲಷ್ಟೇ ಇಲ್ಲ. ವಸತಿ ಸಮುಚ್ಚಯದ ನೀರಿನ ಲೆಕ್ಕ, ಮನೆಸಾಲದ ಕಂತುಗಳು, ಮದುವೆಯ ಖರ್ಚು, ಅಣ್ಣತಮ್ಮಂದಿರು ಸೇರಿ ಭರಿಸುವ ತಾಯಿಯ ಔಷಧದ ವೆಚ್ಚ, ಎಲ್ಲವೂ ಅದರಲ್ಲಿವೆ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಅಂಥ ಒಂದು ಪುಸ್ತಕದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು, ಅದು ತೆರೆಯುವುದೇ ಎಂದು ಒಮ್ಮೆ ನೋಡಿರಿ. ಹತ್ತು ನಿಮಿಷದ ಕೆಲಸ.

ಮರುದಿನ ಮಧ್ಯಾಹ್ನ ಆ ಹೆಂಗಸು ಬಂದಾಗ ಅವಳ ಕೈಯಲ್ಲಿ ಕಾಲೇಜಿನ ರಸೀದಿಯಿತ್ತು. ಅದನ್ನು ನಮ್ಮ ಹಿರಿಯ ಲೆಕ್ಕಿಗರ ಮುಂದೆ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು, ಮೊತ್ತವನ್ನೂ ತಾರೀಖನ್ನೂ ಎರಡು ಸಲ ಓದಿ, ಹಿಂತಿರುಗಿಸುತ್ತ ಹೇಳಿದರು:

"ಇದಕ್ಕೊಂದು ನಕಲು ಮಾಡಿಸಿಟ್ಟುಕೊಳ್ಳಮ್ಮ."